ಹುಬ್ಬಳ್ಳಿಯ ಬಸ್ಸು ವಾಯವ್ಯ, ರೈಲು ನೈರುತ್ಯ

(ಅಣ್ಣಿಗೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಇಲ್ಲಿಂದ ಹುಬ್ಬಳ್ಳಿಗೆ ಹೋಗಲು ನಮಗೆ ಎರಡು ಸೌಕರ್ಯ. ಬಸ್ಸು ಹತ್ತಿದರೆ ಅದರ ಮೈಮೇಲೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಂದಿರುತ್ತದೆ. ರೈಲು ಹತ್ತಿದರೆ ಅದು ನೈರುತ್ಯ ರೈಲ್ವೆಯದು. ಎರಡರ ಮುಖ್ಯ ಕಚೇರಿಯೂ ಹುಬ್ಬಳ್ಳಿಯಲ್ಲೇ ಇದೆ. ಒಂದೇ ಊರು ಬಸ್ಸಿಗೆ ವಾಯವ್ಯ, ರೈಲಿಗೆ ನೈರುತ್ಯ! ಸಾರಿಗೆ ಸಂಸ್ಥೆಯನ್ನು ಒಡೆದು 1997ರಲ್ಲಿ ಹೆಸರಿಟ್ಟವರು ರಾಜ್ಯದ ನಕ್ಷೆ ಹಾಸಿಕೊಂಡಿದ್ದರು. 2003ರಲ್ಲಿ ರೈಲ್ವೆ ವಲಯ ಮಾಡಿದವರು ದೇಶದ ನಕ್ಷೆ ಹಾಸಿಕೊಂಡಿದ್ದರು. ಇನ್ನೂ ಹಿಂದಕ್ಕೆ ಹೋದರೆ, 1882ರಲ್ಲಿ ಹುಟ್ಟಿ ಧಾರವಾಡದಲ್ಲಿ ಕಚೇರಿ ಇಟ್ಟುಕೊಂಡಿದ್ದ ರೈಲು ಕಂಪನಿಯ ಹೆಸರು ಸದರ್ನ್ ಮರಾಠಾ ರೈಲ್ವೆ. ಆಗ ನಮ್ಮದು ಮರಾಠರ ದಕ್ಷಿಣ. ಮುಂಬೈ ಪ್ರಾಂತದ ಕಾಗದಪತ್ರಗಳಲ್ಲೂ ಈ ಕನ್ನಡ ಜಿಲ್ಲೆಗಳು ದಕ್ಷಿಣ ವಿಭಾಗವೇ. ನೆಲ ಅಲ್ಲೇ ಇತ್ತು. ಹೆಸರಿಡುವವರ ಕುರ್ಚಿ ಪುಣೆ-ಮುಂಬೈ ಕಡೆಯಿಂದ ಬೆಂಗಳೂರಿಗೆ ಬಂದಾಗ ನಾವು ದಕ್ಷಿಣದಿಂದ ಎದ್ದು ಉತ್ತರಕ್ಕೆ ಕೂತೆವು.

ಹಾಗೆ ಕೂತ ಮೇಲೆ ನಮಗೆ ಸಿಕ್ಕ ಹೆಸರು ‘ಉತ್ತರ ಕರ್ನಾಟಕದವರು’. ಈ ಹೆಸರು ನಮ್ಮ ಪತ್ರಿಕೆ, ಸಿನಿಮಾ, ಜಾಹೀರಾತು, ಕಥೆಗಳೊಳಗೆ ದಿನಾ ಹೇಗೆ ಬಳಕೆಯಾಗುತ್ತದೆ ಎಂಬುದಷ್ಟೇ ಈ ಹೊತ್ತಿನ ನನ್ನ ವಿಷಯ. ಪದ ಕೆಟ್ಟದ್ದು ಎಂದು ಹೇಳಲು ನಾನು ಬಂದಿಲ್ಲ. ನೀರು, ಅನುದಾನ, ನೌಕರಿಗಳ ಪಾಲು ಕೇಳುವಾಗ ಆ ಪದಕ್ಕೆ ಬಲವಿದೆ, ಅದು ಬೇಕು. ಒಬ್ಬ ಮನುಷ್ಯ ಯಾರು, ಎಂಥವನು, ಏನು ಉಣ್ಣುತ್ತಾನೆ, ಹೇಗೆ ಮಾತಾಡುತ್ತಾನೆ ಎಂದು ಬರೆಯುವಲ್ಲಿ ಅದನ್ನು ಬಳಸುವುದು ಸೋಮಾರಿತನ. ಈ ಎರಡು ಬಳಕೆಗಳನ್ನು ಬೇರೆ ಮಾಡಬೇಕೆಂಬುದು ನನ್ನ ವಾದ.

ಇದೇ ಜಗಳ ಅಮೆರಿಕದಲ್ಲಿ ಐವತ್ತು ವರ್ಷದಿಂದ ನಡೆದಿದೆ. ಮೆಕ್ಸಿಕೊ, ಕ್ಯೂಬಾ, ಪೋರ್ಟೊರಿಕೊ, ಪೆರು, ಕೊಲಂಬಿಯಾ ಮೂಲದ ಮಂದಿಯನ್ನೆಲ್ಲ ಅಲ್ಲಿಯ ಇಂಗ್ಲಿಷ್ ಪತ್ರಿಕೆಗಳು ‘ಲ್ಯಾಟಿನೋ’ ಎಂದು ಬರೆಯುತ್ತವೆ. ಸರಕಾರ ಮೊದಲು ಬಳಸಿದ್ದು ‘ಹಿಸ್ಪಾನಿಕ್’ ಎಂಬುದನ್ನು. 1977ರಲ್ಲಿ ಅದಕ್ಕೊಂದು ಅಧಿಕೃತ ವ್ಯಾಖ್ಯೆ ಬಂತು, 1980ರ ಜನಗಣತಿಯಲ್ಲಿ ಪ್ರತಿ ಮನೆಗೂ ಆ ಪ್ರಶ್ನೆ ಕೇಳಿದರು. 1997ರಲ್ಲಿ ‘ಲ್ಯಾಟಿನೋ’ ಎಂಬುದನ್ನೂ ಅದರ ಪಕ್ಕಕ್ಕೆ ಸೇರಿಸಿದರು. ಗಣತಿಯ ಕಾಲಮಿನಲ್ಲಿ ಹುಟ್ಟಿ ಬೆಳೆದ ಈ ಗುಂಪು ಬರಬರುತ್ತ ಸುದ್ದಿಯೊಳಗೆ ಒಂದು ಜನಾಂಗವಾಯಿತು. ‘ಲ್ಯಾಟಿನೋ ಮತ’, ‘ಲ್ಯಾಟಿನೋ ಊಟ’, ‘ಲ್ಯಾಟಿನೋ ಸ್ವಭಾವ’ ಎಲ್ಲ ಬಂದವು. ಕ್ಯೂಬಾದ ಕಮ್ಯುನಿಸ್ಟ್ ಆಡಳಿತದಿಂದ ಓಡಿಬಂದು ಮಯಾಮಿಯಲ್ಲಿ ಅಂಗಡಿ ಹಾಕಿದವನೂ, ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲದಲ್ಲಿ ಕೂಲಿ ಮಾಡುವ ಮೆಕ್ಸಿಕೊದವನೂ ಒಂದೇ ಶೀರ್ಷಿಕೆಯೊಳಗೆ ಬಂದರು. ಅವರನ್ನೇ ಕೇಳಿದರೆ ಏನಂದರು ಗೊತ್ತೆ? ಪ್ಯೂ ಸಂಶೋಧನಾ ಕೇಂದ್ರ 2011ರಲ್ಲಿ ಕೇಳಿ ನೋಡಿತು. ನೂರಕ್ಕೆ 51 ಮಂದಿ ತಮ್ಮನ್ನು ಹೆಚ್ಚಾಗಿ ಹೇಳಿಕೊಳ್ಳುವುದು ಹಿರಿಯರ ದೇಶದ ಹೆಸರಿನಿಂದ: ಮೆಕ್ಸಿಕನ್, ಕ್ಯೂಬನ್, ಹೀಗೆ. ಹಿಸ್ಪಾನಿಕ್ ಅಥವಾ ಲ್ಯಾಟಿನೋ ಎಂದವರು 24 ಮಾತ್ರ. ಮುಂದೆ ವಿಶ್ವವಿದ್ಯಾಲಯಗಳ ಸುತ್ತ ‘ಲ್ಯಾಟಿನೆಕ್ಸ್’ ಎಂಬ ಲಿಂಗಭೇದವಿಲ್ಲದ ರೂಪ ಹುಟ್ಟಿತು, 2018ರಲ್ಲಿ ನಿಘಂಟಿಗೂ ಸೇರಿತು. 2020ರಲ್ಲಿ ಪ್ರಕಟವಾದ ಪ್ಯೂ ಸಮೀಕ್ಷೆಯ ಪ್ರಕಾರ ಅದನ್ನು ತಮಗೆ ಬಳಸಿಕೊಂಡವರು ನೂರಕ್ಕೆ ಮೂವರು. ಬರೆಯುವವರು ಇಡುವ ಹೆಸರು, ಬದುಕುವವರು ಇಟ್ಟುಕೊಳ್ಳುವ ಹೆಸರು ಬೇರೆ ಬೇರೆ ದಾರಿ ಹಿಡಿಯುವುದು ಹೀಗೆ.

ಬ್ರೆಜಿಲಿನವರ ಕಥೆ ಇನ್ನೂ ಮಜಾ. ಅವರ ಭಾಷೆ ಸ್ಪ್ಯಾನಿಷ್ ಅಲ್ಲ, ಪೋರ್ಚುಗೀಸ್. ಹಾಗಾಗಿ ಅಮೆರಿಕದ ಗಣತಿಯ ಲೆಕ್ಕದಲ್ಲಿ ಅವರು ಈ ಗುಂಪಿಗೆ ಸೇರುವುದಿಲ್ಲ. ತಾವೇ ಗುರುತು ಹಾಕಿ ಕೊಟ್ಟರೂ ಕಚೇರಿಯವರು ತೆಗೆದುಹಾಕುತ್ತಾರೆ. 2020ರ ಒಂದು ಸಮೀಕ್ಷೆಯಲ್ಲಿ ಹಾಗೆ ತೆಗೆದುಹಾಕುವುದನ್ನು ಕಚೇರಿ ಮರೆತುಬಿಟ್ಟಿತು. ನೋಡಿದರೆ ಅಮೆರಿಕದಲ್ಲಿರುವ ಬ್ರೆಜಿಲಿನವರಲ್ಲಿ ಮೂರರಲ್ಲಿ ಎರಡು ಪಾಲು, ಸುಮಾರು 4 ಲಕ್ಷ 16 ಸಾವಿರ ಜನ, ತಮ್ಮನ್ನು ಆ ಗುಂಪಿನೊಳಗೇ ಬರೆಸಿಕೊಂಡಿದ್ದರು.

ನಮ್ಮ ಬ್ರೆಜಿಲ್ ಎಂದರೆ ಕಾರವಾರ ಜಿಲ್ಲೆ, ಅಂದರೆ ಉತ್ತರ ಕನ್ನಡ. ಅದನ್ನು 1862ರಲ್ಲಿ ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತಕ್ಕೆ ಹಚ್ಚಿದರು. ಇಂದಿಗೂ ಅದು ಬೆಳಗಾವಿ ಕಂದಾಯ ವಿಭಾಗದಲ್ಲಿದೆ. 2021ರ ನವೆಂಬರಿನಲ್ಲಿ ‘ಮುಂಬೈ ಕರ್ನಾಟಕ’ಕ್ಕೆ ‘ಕಿತ್ತೂರು ಕರ್ನಾಟಕ’ ಎಂದು ಹೆಸರು ಬದಲಿಸಿದಾಗ ಆ ಏಳು ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಒಂದು. ಕಡತದ ಪ್ರಕಾರ ಅವರು ನಮ್ಮವರೇ. ಆದರೆ ಹೊನ್ನಾವರದ ಮೀನುಗಾರನನ್ನೋ ಶಿರಸಿಯ ಅಡಕೆ ತೋಟದವರನ್ನೋ ಯಾವ ಪತ್ರಿಕೆಯೂ ‘ಉತ್ತರ ಕರ್ನಾಟಕದವರು’ ಎಂದು ಬರೆಯುವುದಿಲ್ಲ. ಬರೆದರೆ ಅವರೇ ಬಿಡುವುದಿಲ್ಲ. ಅಂದರೆ ಈ ಪದ ದಿಕ್ಕನ್ನು ಹೇಳುತ್ತಿಲ್ಲ. ರೊಟ್ಟಿ, ಧೋತರ, ಗಟ್ಟಿ ದನಿ ಎಂಬ ಒಂದು ಚಿತ್ರವನ್ನು ಹೇಳುತ್ತಿದೆ. ಶಿರಸಿ ಆ ಚಿತ್ರದೊಳಗೆ ಹಿಡಿಸುವುದಿಲ್ಲ, ಅದಕ್ಕೇ ಹೊರಗೆ. ಇದರ ಮೇಲೆ ತಲೆಬರಹ ಕೊಡುವವರ ತೊಡಕು ಬೇರೆ: ‘ಉ.ಕ.’ ಎಂದು ಎರಡಕ್ಷರ ಹಾಕಿದರೆ ಅದು ಕಾರವಾರದ ಜಿಲ್ಲೆಯೋ ನಮ್ಮ ಭಾಗವೋ ಎಂದು ಸುದ್ದಿಯನ್ನು ಅರ್ಧ ಓದಿದ ಮೇಲೇ ತಿಳಿಯಬೇಕು. ಅಲ್ಲಿಯ ‘ಉತ್ತರ’ ದಕ್ಷಿಣ ಕನ್ನಡಕ್ಕೆ ಉತ್ತರ. ನಮ್ಮದು ಬೆಂಗಳೂರಿಗೆ ಉತ್ತರ.

ಬಳ್ಳಾರಿ ಸೀಮೆ ಈ ಕಥೆಯನ್ನು ತಿರುಗುಮುರುಗು ಮಾಡಿದೆ. 1953ರವರೆಗೆ ಮದ್ರಾಸ್ ಪ್ರಾಂತದಲ್ಲಿದ್ದ ಜಿಲ್ಲೆ ಅದು, ಆದರೂ ಹಿಂದೆ ನಿಜಾಮನ ಕೈಕೆಳಗಿದ್ದ ‘ಹೈದರಾಬಾದ್ ಕರ್ನಾಟಕ’ದ, ಈಗಿನ ‘ಕಲ್ಯಾಣ ಕರ್ನಾಟಕ’ದ, ಗುಂಪಿಗೆ ಸೇರಿತು. ಹರಪನಹಳ್ಳಿ ತಾಲೂಕಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿಯ ಒಬ್ಬ ಅಜ್ಜ ಮನೆಯ ಕಟ್ಟೆ ಬಿಟ್ಟು ಏಳದೆಯೇ ‘ಮಧ್ಯ ಕರ್ನಾಟಕ’ದವನಾಗಿ, ಮತ್ತೆ ‘ಕಲ್ಯಾಣ ಕರ್ನಾಟಕ’ದವನಾಗಿದ್ದಾನೆ.

ಇಲ್ಲಿ ಅಣ್ಣಿಗೇರಿಯಲ್ಲಿ ನಿಂತು ಇನ್ನೊಂದು ಮಾತು ಹೇಳದಿದ್ದರೆ ತಪ್ಪಾದೀತು. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಎಂದು ಕೇಳಿಕೊಂಡು ನಾಲ್ಕು ಊರು ಹೆಸರಿಸಿತು. ಕಿಸುವೊಳಲು ಎಂದರೆ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ನಮ್ಮ ನೆರೆಯ ಲಕ್ಷ್ಮೇಶ್ವರ, ಇನ್ನೊಂದು ಬೈಲಹೊಂಗಲ ಕಡೆಯ ಒಕ್ಕುಂದ. ಆ ನಾಲ್ಕು ಊರುಗಳನ್ನು ಗೆರೆ ಎಳೆದು ಕೂಡಿಸಿದರೆ ನಾವು ಅದರ ಒಳಗೇ ಇದ್ದೇವೆ. ಪಂಪನ ತಾಯಿ ಅಬ್ಬಣಬ್ಬೆ ಇದೇ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು ತೆಲಂಗಾಣದ ಗಂಗಾಧರಂ ಶಾಸನ ಹೇಳುತ್ತದೆ. ಚಾಲುಕ್ಯರ ನಾಲ್ಕನೆಯ ಸೋಮೇಶ್ವರ ಹನ್ನೆರಡನೇ ಶತಮಾನದ ಕೊನೆಗೆ ಇಲ್ಲಿಂದ ಆಳಿದ. ಆಗ ಇದು ಯಾವುದರ ಉತ್ತರವೂ ಅಲ್ಲ, ಯಾವುದರ ದಕ್ಷಿಣವೂ ಅಲ್ಲ. ಇದನ್ನು ಎದೆ ತಟ್ಟಿಕೊಳ್ಳಲು ಹೇಳುತ್ತಿಲ್ಲ. ಹಳೆಯ ವೈಭವ ಹೇಳಿಕೊಂಡು ಇವತ್ತಿನ ಬಸ್‌ಸ್ಟ್ಯಾಂಡಿನ ಕೆಸರು ಮರೆಯುವ ಚಾಳಿ ನಮಗೆ ಮೊದಲೇ ಹೆಚ್ಚು.

ಹೊರಗಿನವರು ಇಟ್ಟ ಹೆಸರು ಅಂಟಿಕೊಳ್ಳುವುದು ಮನುಷ್ಯರಿಗಷ್ಟೇ ಅಲ್ಲ, ಬೆಳೆಗೂ ಹಾಗೇ. ನವಲಗುಂದ, ಅಣ್ಣಿಗೇರಿಗಳ ಎರಿ ಹೊಲದಲ್ಲಿ ಬೆಳೆದ ಹತ್ತಿ ಹತ್ತೊಂಬತ್ತನೇ ಶತಮಾನದಲ್ಲಿ ಲಿವರ್‌ಪೂಲಿನ ಪೇಟೆಯಲ್ಲಿ ಯಾವ ಹೆಸರಿನಿಂದ ಮಾರಾಟವಾಗುತ್ತಿತ್ತು? ‘ಕುಮಟಾ ಹತ್ತಿ’. ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಅಂಡಿಗೆ ಇಳಿಸುತ್ತಿದ್ದವು, ಹಡಗು ಅಲ್ಲಿಂದ ಹೊರಡುತ್ತಿತ್ತು. ಕುಮಟೆಯಲ್ಲಿ ಭತ್ತ ಇದೆ, ತೆಂಗು ಇದೆ. ಎರಿ ಭೂಮಿಯ ಹತ್ತಿ ಅಲ್ಲೆಲ್ಲಿಂದ ಬರಬೇಕು? ಕೊಳ್ಳುವವನಿಗೆ ಕಂಡದ್ದು ಬಂದರು ಮಾತ್ರ, ಅದೇ ಹೆಸರಾಯಿತು. ಕಂಪನಿ ಸರಕಾರ 1840ರ ದಶಕದಲ್ಲಿ ಅಮೆರಿಕದಿಂದ ಬೀಜ ತಂದು ಇದೇ ಸೀಮೆಯಲ್ಲಿ ಬಿತ್ತಿಸಿತು. ಅದರ ಅರಳೆಗೆ ‘ಧಾರವಾಡ-ಅಮೆರಿಕನ್’ ಎಂದು ಹೆಸರು ಬಂತು. 1861ರಿಂದ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿ ದರ ಏರಿ ರೈತರ ಕೈಗೆ ರೊಕ್ಕ ಬಂತು. 1865ರಲ್ಲಿ ಯುದ್ಧ ಮುಗಿದ ಮೇಲೆ ದರ ಬಿತ್ತು. ಒಂದೇ ಹೊಲದ ಎರಡು ಹತ್ತಿಗೆ ಒಂದು ಬಂದರಿನ ಹೆಸರು, ಇನ್ನೊಂದು ಬೀಜ ಕೊಟ್ಟ ದೇಶದ ಹೆಸರು. ಈಗ ಕುಂದಗೋಳ, ಸಂಶಿ ಕಡೆ ಬೆಳೆದ ಮೆಣಸಿನಕಾಯಿಯೂ ಪೇಟೆಯ ಹೆಸರು ಹೊತ್ತು ‘ಬ್ಯಾಡಗಿ’ ಆಗುತ್ತದೆ. ಅದರ ಬಗ್ಗೆ ನನಗೆ ತಕರಾರಿಲ್ಲ. ಮೆಣಸಿನಕಾಯಿಗೆ ಬೇಜಾರಾಗುವುದಿಲ್ಲ.

ಮನುಷ್ಯರಿಗೆ ಬರೋಣ. ಸುದ್ದಿ ಬರೆಯುವ ಹುಡುಗರು ಇಲ್ಲಿ ನಾಕಾರು ಮಂದಿ ಇದ್ದೀರಿ, ಒಂದು ವಾರ ರಾಜಧಾನಿಯ ಸುದ್ದಿಗಳನ್ನು ಈ ಕಣ್ಣಿನಿಂದ ಓದಿ ನೋಡಿರಿ. ಅಪಘಾತದಲ್ಲಿ ಸತ್ತವನು ಮಂಡ್ಯದವನಾದರೆ ‘ಮಂಡ್ಯದ ಯುವಕ’, ಹಾಸನದವನಾದರೆ ‘ಹಾಸನದವರು’. ಕಟ್ಟಡದ ಸಾರವೆಯಿಂದ ಬಿದ್ದವನು ಸುರಪುರದವನೋ ಲಿಂಗಸುಗೂರಿನವನೋ ಆಗಿದ್ದರೆ, ‘ಉತ್ತರ ಕರ್ನಾಟಕ ಮೂಲದ ಕೂಲಿ ಕಾರ್ಮಿಕ’. ಒಬ್ಬನಿಗೆ ಜಿಲ್ಲೆ ಸಿಕ್ಕಿತು, ಇನ್ನೊಬ್ಬನಿಗೆ ದಿಕ್ಕು ಸಿಕ್ಕಿತು. ‘ಮೂಲದ’ ಎಂಬ ಪದವನ್ನೂ ಗಮನಿಸಿರಿ. ತನ್ನದೇ ರಾಜ್ಯದ ರಾಜಧಾನಿಯಲ್ಲಿ ದುಡಿಯುವವನಿಗೆ ಪರದೇಶದಿಂದ ಬಂದವನಿಗೆ ಹಚ್ಚುವ ಪದ ಹಚ್ಚಿದ್ದಾರೆ. ‘ದಕ್ಷಿಣ ಕರ್ನಾಟಕ ಮೂಲದ ವ್ಯಕ್ತಿ’ ಎಂಬುದನ್ನು ಯಾರಾದರೂ ಓದಿದ್ದೀರಾ? ಮಳೆ ವರದಿಯಲ್ಲಿ, ಚುನಾವಣೆ ಲೆಕ್ಕದಲ್ಲಿ ದಕ್ಷಿಣ ಕರ್ನಾಟಕ ಇದೆ. ಅಲ್ಲಿಂದ ಬಂದ ಒಬ್ಬ ಮನುಷ್ಯನಿಗೆ ಅದು ವಿಶೇಷಣವಾಗುವುದಿಲ್ಲ. ಅಮೆರಿಕದ ಪತ್ರಿಕೆಯಲ್ಲಿ ಲ್ಯಾಟಿನೋ ಎಂದು ಬರೆಸಿಕೊಳ್ಳುವವನಿಗೂ ಪಕ್ಕದ ಮನೆಯ ಬಿಳಿಯನಿಗೂ ಇರುವ ಫರಕು ಇದೇ: ಆ ಬಿಳಿಯನಿಗೆ ಏನೂ ಬರೆಯುವುದಿಲ್ಲ. ಬರೆಯದೆ ಬಿಟ್ಟದ್ದೇ ಮಾಮೂಲಿ, ಬರೆದದ್ದು ಬೇರೆಯವನು.

ಕೆಟ್ಟ ಸುದ್ದಿಯಲ್ಲಷ್ಟೇ ಹೀಗೆ ಎಂದುಕೊಳ್ಳಬೇಡಿ. ಹೊಗಳಿಕೆ ಇನ್ನೂ ಕಷ್ಟ. ‘ಉತ್ತರ ಕರ್ನಾಟಕದ ಜನ ಮುಗ್ಧರು, ಮಾತು ಒರಟು, ಮನಸ್ಸು ಬೆಣ್ಣೆ’: ಈ ಒಂದು ವಾಕ್ಯವನ್ನು ಎಷ್ಟು ಭಾಷಣಗಳಲ್ಲಿ ಕೇಳಿದ್ದೇವೆ! ನವಲಗುಂದದ ಹತ್ತಿ ದಲಾಲರ ಹತ್ತಿರ ಒಮ್ಮೆ ವ್ಯವಹಾರಕ್ಕೆ ಕೂತವರು ಮುಗ್ಧತೆಯ ಮಾತು ಆಡಲಿಕ್ಕಿಲ್ಲ.

ಭಾಷೆಯ ವಿಷಯದಲ್ಲಿ ಈ ಸೋಮಾರಿತನ ಎದ್ದು ಕಾಣುತ್ತದೆ. ಸಿನಿಮಾದಲ್ಲಿ, ಟಿವಿ ಧಾರಾವಾಹಿಯಲ್ಲಿ ‘ಉತ್ತರ ಕರ್ನಾಟಕ ಭಾಷೆ’ ಎಂಬ ಒಂದು ಭಾಷೆ ಇದೆ. ಅದನ್ನು ಆಡುವ ಊರು ನಕ್ಷೆಯಲ್ಲಿ ಇಲ್ಲ. ಪ್ರತಿ ಮಾತಿಗೆ ‘ಲೇ’ ಹಚ್ಚಿ, ಅಲ್ಲಲ್ಲಿ ‘ಯಪ್ಪಾ’ ಅಂದು, ಮನೆಯಲ್ಲಿ ಹಿರಿಯರಿಗೂ ಏಕವಚನ ಹಾಕಿಬಿಟ್ಟರೆ ಪಾತ್ರ ತಯಾರು. ‘ರೀ’ ಇಲ್ಲದೆ ಅಪರಿಚಿತರ ಜೊತೆ ಒಂದು ಮಾತು ಮುಗಿಸದ ಸೀಮೆ ಇದು. ‘ಬರ್ರಿ’, ‘ಕುಂಡ್ರಿ’, ‘ಹೌದ್ರಿ’, ಬೈಯುವಾಗಲೂ ‘ಏನ್ರೀ ನೀವು’. ಅದು ಪರದೆಯ ಮೇಲೆ ಮಾಯ. ಒಳಗಿನ ಬಗೆಗಳನ್ನು ನೋಡಿರಿ. ನಮ್ಮ ಹಳ್ಳಿಗಳಲ್ಲಿ ‘ಹೋಗಾಕತ್ತೀನಿ’, ಧಾರವಾಡದ ಪೇಟೆಯ ಕೆಲವು ಮನೆಗಳಲ್ಲಿ ‘ಹೋಗ್ಲಿಕತ್ತೀನಿ’, ಕಲಬುರ್ಗಿ ಕಡೆ ‘ಹೋಗ್ಲಾಕತ್ತೀನಿ’. ಒಂದು ಅಕ್ಷರದಲ್ಲಿ ಊರು, ಕೇರಿ, ಜಾತಿ, ಓದು ಎಲ್ಲ ತಿಳಿಯುತ್ತದೆ. ಬೇಂದ್ರೆಯವರು ಬರೆದದ್ದು ಧಾರವಾಡದ ಓಣಿಗಳ ಮಾತು. ಘೋಡಗೇರಿಯ ಕಂಬಾರರು ಬರೆದದ್ದು ಘಟಪ್ರಭಾ ಕಡೆಯ ಹಳ್ಳಿಯ ಮಾತು. ಇಬ್ಬರನ್ನೂ ‘ಉತ್ತರ ಕರ್ನಾಟಕದ ಭಾಷೆಯಲ್ಲಿ ಬರೆದವರು’ ಎಂದು ಪರೀಕ್ಷೆಯ ಗೈಡುಗಳಲ್ಲಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಊಟವೂ ಹಾಗೆ. ಬೆಂಗಳೂರಿನ ‘ಉತ್ತರ ಕರ್ನಾಟಕ ಖಾನಾವಳಿ’ಯ ತಾಟಿನಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಒಳ್ಳೆಯ ಊಟ, ನಾನೂ ಹುಡುಕಿಕೊಂಡು ಹೋಗುತ್ತೇನೆ. ಆದರೆ ಈ ತಾಟು ಕಲಘಟಗಿಗೆ ಅರ್ಧವೇ ಒಪ್ಪುತ್ತದೆ. ಅಲ್ಲಿ ಮಲೆನಾಡಿನ ಸೆರಗು ಸುರುವಾಗುತ್ತದೆ. ನವಲಗುಂದದ ಎರಿಯಲ್ಲಿ ಕಡಲಿ, ಜೋಳ, ಹತ್ತಿ ಇದ್ದರೆ ಕಲಘಟಗಿಯಲ್ಲಿ ಭತ್ತ, ಕಬ್ಬು, ಆಚೆಗೆ ಕಾಡು. ನಮ್ಮ ಒಂದು ಜಿಲ್ಲೆಯೊಳಗೇ, 1997ರಲ್ಲಿ ಗದಗ, ಹಾವೇರಿ ಒಡೆದು ಹೋಗಿ ಉಳಿದ ಈ ಸಣ್ಣ ಜಿಲ್ಲೆಯೊಳಗೇ, ಒಂದು ತುದಿಯಲ್ಲಿ ಮಳೆ ಬಾರದೆ ಅಳುತ್ತಾರೆ, ಇನ್ನೊಂದು ತುದಿಯಲ್ಲಿ ಮಳೆ ಬಿಡದೆ ಅಳುತ್ತಾರೆ.

ಕಲಘಟಗಿಯಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹೆಸರಿನ ಆಟ ಹೊಟ್ಟೆಪಾಡಿಗೆ ಹೇಗೆ ತಾಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಆ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಜರನ್ನು ಆಫ್ರಿಕಾದಿಂದ ಹೆಚ್ಚಾಗಿ ಗುಲಾಮರನ್ನಾಗಿ ಪಶ್ಚಿಮ ಕರಾವಳಿಗೆ ತಂದರು. ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಇತ್ತ ಕಲಘಟಗಿ: ಕಾಡು ಒಂದೇ, ಬೀಗತನ ಒಂದೇ. ‘ಸಿದ್ದಿ’ ಎಂಬುದೂ ಒಂದು ದೊಡ್ಡ ಕೊಡೆಯಂಥ ಹೆಸರೇ. ಅದರ ಕೆಳಗೆ ಹಿಂದೂ ಸಿದ್ದಿಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಮಾತು ಒಬ್ಬರದು ಕೊಂಕಣಿ, ಒಬ್ಬರದು ಉರ್ದು, ಕನ್ನಡವಂತೂ ಎಲ್ಲರದೂ. ಪತ್ರಿಕೆಗಳಲ್ಲಿ ಅವರು ಬರುವುದು ಡಮಾಮಿ ಬಾರಿಸಿ ಕುಣಿಯುವಾಗ ಅಥವಾ ಓಟದಲ್ಲಿ ಗೆದ್ದಾಗ, ಪ್ರತಿ ಸಲವೂ ‘ಆಫ್ರಿಕಾ ಮೂಲದ’ ಎಂಬ ಬಿರುದಿನೊಂದಿಗೆ. ನೂರಾರು ವರ್ಷವಾದರೂ ಆ ‘ಮೂಲದ’ ತಪ್ಪಲಿಲ್ಲ.

2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದರು. ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿ ಜಿಲ್ಲೆಯನ್ನೂ ಬರೆದರು: ಉತ್ತರ ಕನ್ನಡ. ಅಷ್ಟೇ. ಕಾಡಿನೊಳಗಿನ ಜಿಲ್ಲಾ ಗಡಿಗಲ್ಲಿನ ಆಚೆ ಇದ್ದ ಅಕ್ಕನ ಮಗನಿಗೆ ಪ್ರಮಾಣಪತ್ರ ಸಿಕ್ಕಿತು, ಈಚೆ ಕಲಘಟಗಿಯಲ್ಲಿದ್ದ ತಂಗಿಯ ಮಗನಿಗೆ ಸಿಗಲಿಲ್ಲ. ಅದೇ ಮುಖ, ಅದೇ ಕುಲ, ಅದೇ ಬಡತನ, ಆದರೆ ಧಾರವಾಡ ಜಿಲ್ಲೆ. ಶಾಲೆಯ ಸೀಟು, ವಿದ್ಯಾರ್ಥಿವೇತನ, ನೌಕರಿ ಎಲ್ಲದಕ್ಕೂ ಆ ಕಾಗದ ಬೇಕು. ಸಂಸತ್ತು 2020ರಲ್ಲಿ ಕಾಯ್ದೆ ತಿದ್ದಿ ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಆ ನಮೂದಿಗೆ ಸೇರಿಸುವವರೆಗೆ ಹದಿನೇಳು ವರ್ಷ ಕಳೆದಿದ್ದವು. 2003ರಲ್ಲಿ ಒಂದನೇ ಇಯತ್ತೆಗೆ ಕೂತ ಹುಡುಗ ಓದು ಮುಗಿಸಿ ಅಥವಾ ಬಿಟ್ಟು ಕೂಲಿಗೆ ಹೋಗಿಯಾಗಿತ್ತು. ಅದೇ 2020ರಲ್ಲಿ ಯಲ್ಲಾಪುರ ಕಡೆಯ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಶಾಸನಸಭೆ ಮೆಟ್ಟಿಲು ಹತ್ತಿದ ಮೊದಲ ಸಿದ್ದಿ ಅವರು. ಅದು ದೊಡ್ಡ ಸುದ್ದಿಯಾಯಿತು. ನಮೂದಿನ ಪಕ್ಕ ಎರಡು ಜಿಲ್ಲೆಯ ಹೆಸರು ಸೇರಿದ್ದಕ್ಕೆ ಅಷ್ಟು ಜಾಗ ಸಿಗಲಿಲ್ಲ.

ಹಾಗಾದರೆ ದೊಡ್ಡ ಹೆಸರುಗಳು ಬೇಡವೆ? ಬೇಕು. ಹಕ್ಕು ಕೇಳುವಾಗ ಒಬ್ಬೊಬ್ಬರೇ ಹೋದರೆ ಯಾರು ಕೇಳುತ್ತಾರೆ? ಅಮೆರಿಕದಲ್ಲೂ ಮೆಕ್ಸಿಕೊ ಮೂಲದ ಮುಖಂಡರು, ಪೋರ್ಟೊರಿಕೊದವರು ಎಷ್ಟು ಬಡಿದಾಡಿಕೊಂಡರೂ ಗಣತಿಯಲ್ಲಿ ಒಟ್ಟಾಗಿ ಲೆಕ್ಕ ಹಾಕಿಸಿಕೊಂಡದ್ದು ಅದಕ್ಕೇ. ಕಳಸಾ-ಬಂಡೂರಿ ನೀರಿಗಾಗಿ ನವಲಗುಂದ, ನರಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು. 2016ರ ಜುಲೈಯಲ್ಲಿ ಯಮನೂರಿನಲ್ಲಿ ಪೊಲೀಸರ ಲಾಠಿ ಏಟು ತಿಂದರು. ಆಗ ‘ಉತ್ತರ ಕರ್ನಾಟಕ ಬಂದ್’ ಎಂದು ಎಲ್ಲ ಜಿಲ್ಲೆಗಳು ಒಂದಾಗದಿದ್ದರೆ ಬೆಂಗಳೂರಿಗೂ ದಿಲ್ಲಿಗೂ ಬಿಸಿ ತಟ್ಟುತ್ತಿರಲಿಲ್ಲ. ಆದರೂ ಒಂದು ವಿಚಿತ್ರ ನೋಡಿರಿ. ಮಲಪ್ರಭೆಯ ಕಾಲುವೆ ನೀರು ಸರಿಯಾಗಿ ಬಾರದಿದ್ದರೂ ಬೆಟರ್‌ಮೆಂಟ್ ಲೆವಿ ಕೊಡಿರೆಂದಾಗ 1980ರ ಜುಲೈ 21ರಂದು ಎದ್ದ ಬಂಡಾಯವನ್ನು ಇಂದಿಗೂ ಎಲ್ಲರೂ ಊರಿನ ಹೆಸರಿನಿಂದಲೇ ಕರೆಯುತ್ತಾರೆ: ನರಗುಂದ-ನವಲಗುಂದ ಬಂಡಾಯ. ಗುಂಡು ಬಿದ್ದದ್ದು ಎಲ್ಲಿ, ಸತ್ತವರು ಯಾವ ಊರಿನವರು ಎಂದು ಹೆಸರೇ ಹೇಳುತ್ತದೆ. ಅದು ಸರಕಾರವನ್ನು ಅಲುಗಿಸಿತು, ರಾಜ್ಯದ ರೈತ ಚಳವಳಿಯ ದಿಕ್ಕು ಬದಲಿಸಿತು; ತಾಲೂಕಿನ ಹೆಸರು ಅದಕ್ಕೆ ಸಣ್ಣದಾಗಲಿಲ್ಲ.

ಪಾಲಿನ ಲೆಕ್ಕದಲ್ಲೂ ಪದ ಅಳತೆ ಮೀರಿದರೆ ತೊಂದರೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಪ್ರಾದೇಶಿಕ ಅಸಮತೋಲನವನ್ನು ಅಳೆದದ್ದು ತಾಲೂಕಿನ ಲೆಕ್ಕದಲ್ಲಿ. ಆಗಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 59 ಉತ್ತರದವು, 55 ದಕ್ಷಿಣದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು. ಆ 26ರಲ್ಲೂ 21 ಕಲಬುರ್ಗಿ ವಿಭಾಗದವು, ಬೆಳಗಾವಿ ವಿಭಾಗದವು ಐದೇ. ‘ಹಿಂದುಳಿದ ಉತ್ತರ ಕರ್ನಾಟಕ’ ಎಂಬ ಮಾಮೂಲಿ ಸಾಲು ಈ ಅಂಕಿಗಳಲ್ಲಿ ಎರಡು ಮೋಸ ಮಾಡುತ್ತದೆ. ದಕ್ಷಿಣದ 55 ತಾಲೂಕುಗಳ ಬಡವರನ್ನು ಮರೆಸುತ್ತದೆ, ಕಲಬುರ್ಗಿ ಕಡೆಯವರ ಕಷ್ಟದ ಮೇಲೆ ನಮ್ಮನ್ನೂ ಕೂರಿಸುತ್ತದೆ. ಸಂವಿಧಾನದ 371(ಜೆ) ಬಂದಾಗ ಕೆಲವು ಕಡೆ ‘ಉತ್ತರ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ’ ಎಂದೇ ಬರೆದರು. ಅದು ಬೀದರ, ಕಲಬುರ್ಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಗಳಿಗೆ ಬಂದದ್ದು, ಈಗ ವಿಜಯನಗರಕ್ಕೂ ಇದೆ. ಧಾರವಾಡ ಜಿಲ್ಲೆಗೆ ಇಲ್ಲ. ಹಾಗೆ ಓದಿದ ನಮ್ಮ ಕಡೆಯ ತಂದೆತಾಯಿಗಳು ಮಗನ ಅರ್ಜಿ ಹಿಡಿದು ಕಚೇರಿಗೆ ಹೋದರೆ ಕೇಳುವುದು ‘ನಿಮಗ ಬರೂದಿಲ್ರಿ’ ಎಂಬ ಮಾತು.

‘ಕಿತ್ತೂರು ಕರ್ನಾಟಕ’ದ ಬಗ್ಗೆ ಒಂದೇ ಮಾತು. ಚೆನ್ನಮ್ಮನ ಹೆಸರು ಯಾರಿಗೆ ಬೇಡ? ‘ಮುಂಬೈ’ ಹೋದದ್ದು ಒಳ್ಳೆಯದೇ ಆಯಿತು. ಆದರೆ ಕುಂದಗೋಳ 1948ರವರೆಗೆ ಜಮಖಂಡಿಯ ಪಟವರ್ಧನರ ಸಂಸ್ಥಾನದ ತುಣುಕು. ಮುಂಬೈ ಸರಕಾರದ ನೇರ ಆಡಳಿತವೂ ಅಲ್ಲ, ಕಿತ್ತೂರಿನ ದೇಸಾಯರ ಸೀಮೆಯೂ ಅಲ್ಲ. ಅಲ್ಲಿಯವರು ಹಳೆಯ ಹೆಸರಿನೊಳಗೂ ಸರಿಯಾಗಿ ಕೂರಲಿಲ್ಲ, ಹೊಸದರೊಳಗೂ ಕೂರಲಿಲ್ಲ.

ಕುಂದಗೋಳದವರು ತಮ್ಮನ್ನು ತಾವು ಹೇಗೆ ಹೇಳಿಕೊಂಡರು ಎಂಬುದು ನನಗೆ ಹೆಚ್ಚು ಮುಖ್ಯ. ನಮ್ಮ ಕಡೆ ಅಡ್ಡಹೆಸರು ಬಹುಮಟ್ಟಿಗೆ ಊರಿನ ಹೆಸರು: ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿ, ಹಾನಗಲ್ಲ. ಜೈನ ದರ್ಶನದ ವಿದ್ವಾಂಸ ಟಿ. ಜಿ. ಕಲಘಟಗಿಯವರ ಹೆಸರು ಹಿರಿಯರಿಗೆ ನೆನಪಿರಬೇಕು. ಗಾಯಕಿ ಗಂಗೂಬಾಯಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ, ಹೆಸರಿನಲ್ಲಿ ಉಳಿದದ್ದು ಹಾನಗಲ್ಲ. ಅಣ್ಣಿಗೇರಿಯೊಳಗೆ ಇರುವವನನ್ನು ಅಣ್ಣಿಗೇರಿ ಎಂದು ಯಾರೂ ಕರೆಯುವುದಿಲ್ಲ. ಊರು ಬಿಟ್ಟು ಗದುಗಿಗೋ ಬೆಳಗಾವಿಗೋ ಹೋದ ಮೇಲೆ ಅಲ್ಲಿಯವರು ಕರೆಯುತ್ತಾರೆ. ಇದೂ ಹೊರಗಿನವರು ಕೊಟ್ಟ ಹೆಸರೇ. ಆದರೆ ಕೊಟ್ಟವರು ‘ಯಾವೂರ್ರಿ ನಿಮ್ದು?’ ಎಂದು ಮೊದಲು ಕೇಳಿ ಕೊಟ್ಟರು. ಹೆಂಗಸರು ನೇಯುವ ಜಮಖಾನ ನವಲಗುಂದದ್ದು, ಬಣ್ಣದ ತೊಟ್ಟಿಲು ಕಲಘಟಗಿಯದು, ಪೇಡೆ ಧಾರವಾಡದ್ದು. ಅಂಗಡಿಯಲ್ಲಿ ನಿಂತು ‘ಉತ್ತರ ಕರ್ನಾಟಕದ ಜಮಖಾನ ಕೊಡ್ರಿ’ ಎಂದು ಕೇಳುವವರಿಲ್ಲ. ಜಮಖಾನಕ್ಕೆ ಸಿಕ್ಕ ಈ ಮರ್ಯಾದೆ ನೇಯುವವರಿಗೂ ಸಿಗಲಿ.

ಕುಂದಗೋಳದ ರಾಮಭಾವೂ ಹುಟ್ಟಿದ್ದು 1886ರಲ್ಲಿ. ಅಬ್ದುಲ್ ಕರೀಂ ಖಾನರ ಹತ್ತಿರ ಕಲಿತು, ಮರಾಠಿ ನಾಟಕ ಕಂಪನಿಗಳಲ್ಲಿ ಹಾಡಿ ಸವಾಯಿ ಗಂಧರ್ವ ಎನ್ನಿಸಿಕೊಂಡರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಅವರ ಶಿಷ್ಯರು. 1952ರಲ್ಲಿ ತೀರಿಕೊಂಡರು, ಮರುವರ್ಷದಿಂದ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಸುರುವಾಯಿತು. ಮರಾಠಿಯವರು ಅವರನ್ನು ತಮ್ಮವರೆಂದೇ ತಿಳಿದು ಬರೆದರು, ಬರೆಯುವಾಗಲೂ ‘ರಾಮಭಾವೂ ಕುಂದಗೋಳಕರ’ ಎಂದರು. ಪುಣೆಯಲ್ಲಿ ಕುಂದಗೋಳ ಎಲ್ಲಿದೆ ಎಂದು ತಿಳಿಯದವನೂ ಆ ಊರಿನ ಹೆಸರು ಓದಿದ. ಈಚಿನ ಒಂದು ಕನ್ನಡ ಲೇಖನದಲ್ಲಿ ಅದೇ ರಾಮಭಾವೂ ‘ಉತ್ತರ ಕರ್ನಾಟಕದ ಹೆಸರಾಂತ ಗಾಯಕ’ ಆಗಿದ್ದರು. ಲೇಖನ ಮುಗಿಯುವವರೆಗೆ ಹುಡುಕಿದೆ, ಕುಂದಗೋಳ ಎಲ್ಲೂ ಇರಲಿಲ್ಲ.